ಊರಿನ ಕಂಟ್ರಿ ಗಾಯಕರ ವಿದಾಯ ಕಾರ್ಯಕ್ರಮ: ಟೆಕ್ಸಾಸಿನ ಡ್ಯಾನ್ಸ್ ಹಾಲಿಗೆ ಮೊದಲ ಸಲ ಹೋಗುವವರು ತಿಳಿದಿರಬೇಕಾದದ್ದೇನು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಆಸ್ಟಿನ್ನಿಗೂ ಸ್ಯಾನ್ ಆಂಟೋನಿಯೊಗೂ ನಡುವಿರುವ ಒಂದು ಸಣ್ಣ ಊರಿನಲ್ಲಿ ನಮ್ಮ ವಾಸ. ಇಲ್ಲಿನ ಹಳೆಯ ಡ್ಯಾನ್ಸ್ ಹಾಲಿನಲ್ಲಿ ಬಹಳ ವರ್ಷಗಳಿಂದ ವಾರಕ್ಕೊಮ್ಮೆ ಹಾಡುತ್ತ ಬಂದಿರುವ ಕಂಟ್ರಿ (ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಜನಪ್ರಿಯ ಸಂಗೀತ) ಗಾಯಕರೊಬ್ಬರು ಮುಂದಿನ ತಿಂಗಳು ವಿದಾಯದ ಕಾರ್ಯಕ್ರಮ ಕೊಡುತ್ತಿದ್ದಾರೆ. ಅವರು ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್‌ವಿಲ್ಲಿನ ದೊಡ್ಡ ಹೆಸರಲ್ಲ. ರೇಡಿಯೋದಲ್ಲಿ ಅವರ ಹಾಡು ಬಂದದ್ದನ್ನು ನಾನಂತೂ ಕೇಳಿಲ್ಲ. ಆದರೆ ನಮ್ಮ ಬೀದಿಯ ಹಿರಿಯರಲ್ಲಿ ಬಹುಪಾಲು ಜನ ತಮ್ಮ ಪ್ರಾಯದಲ್ಲಿ ಇವರ ಹಾಡಿಗೇ ಜೋಡಿಯಾಗಿ ಕುಣಿದವರಂತೆ. ಆ ದಿನಕ್ಕೆ ಯಾವ ಬೂಟು, ಯಾವ ಅಂಗಿ ಎಂಬ ಚರ್ಚೆ ಈಗಾಗಲೇ ಬೇಲಿಯಾಚೆಯಿಂದ ಕೇಳಿಬರುತ್ತಿದೆ. ಪಕ್ಕದ ಮನೆಯವರು ನಮ್ಮನ್ನೂ, ಶಿವಮೊಗ್ಗದಿಂದ ಬಂದಿರುವ ನನ್ನ ತಾಯಿಯವರನ್ನೂ ಬಹಳ ಪ್ರೀತಿಯಿಂದ ಕರೆದಿದ್ದಾರೆ.

ಈ ವಿಷಯವನ್ನು ಕಚೇರಿಯಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು, ಕಂಟ್ರಿ ಗಾಯಕರ ವಿದಾಯವನ್ನು ಯಾರೂ ನಂಬುವುದಿಲ್ಲ, ಮುಂದಿನ ವರ್ಷ ಇವರೇ ಮತ್ತೆ ಟಿಕೆಟ್ ಮಾರುತ್ತಾರೆ, ಕಂಟ್ರಿ ತಾರೆ ಜಾರ್ಜ್ ಸ್ಟ್ರೇಟ್ ಮಾಡಲಿಲ್ಲವೇ ಎಂದು ನಕ್ಕುಬಿಟ್ಟರು. ಇದರಲ್ಲಿ ಎಷ್ಟು ನಿಜವಿದೆ? ಎರಡನೆಯದಾಗಿ, ಕುಣಿಯಲು ಬಾರದ ನಮ್ಮಂಥವರು ಅಲ್ಲಿ ಏನು ಮಾಡಬೇಕು, ಎಲ್ಲಿ ಕೂರಬೇಕು? ಕೊನೆಯದು ಸ್ವಲ್ಪ ಸಂಕೋಚದ ಪ್ರಶ್ನೆ. ಇಷ್ಟು ವರ್ಷ ಹಾಡಿದ ಕಲಾವಿದರನ್ನು ಬರಿಗೈಯಲ್ಲಿ ಬೀಳ್ಕೊಡುವುದುಂಟೇ, ವೇದಿಕೆಯ ಮೇಲೆ ಒಂದು ಶಾಲು ಹೊದಿಸಿ ಹಾರ ಹಾಕಬೇಕು ಎಂದು ಅಮ್ಮ ಹಟ ಹಿಡಿದಿದ್ದಾರೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಗುಡ್ಡದನಾಡು

ತುಂಗಾತೀರ ಅವರೇ, ನಿಮ್ಮ ಸಹೋದ್ಯೋಗಿ ಹೇಳಿದ್ದು ತಾರೆಗಳ ಮಟ್ಟಿಗೆ ಸುಳ್ಳಲ್ಲ; ಆದರೆ ಆ ಅಳತೆಗೋಲಿನಿಂದ ನಿಮ್ಮ ಊರಿನ ಗಾಯಕರನ್ನು ಅಳೆಯುವುದು ಸರಿಯಲ್ಲ.

ಜಾರ್ಜ್ ಸ್ಟ್ರೇಟ್ ಅವರ ವಿಷಯವನ್ನೇ ನೋಡೋಣ, ಏಕೆಂದರೆ ಅವರೂ ಒಂದು ಕಾಲದಲ್ಲಿ ನೀವಿರುವ ಸೀಮೆಯ ಊರ ಗಾಯಕರೇ ಆಗಿದ್ದರು. ಸೈನ್ಯದ ಸೇವೆ ಮುಗಿಸಿ ಬಂದು ಸ್ಯಾನ್ ಮಾರ್ಕೋಸ್‌ನಲ್ಲಿ ಕೃಷಿ ಓದುತ್ತಿದ್ದ ಅವರು 1975ರ ಅಕ್ಟೋಬರ್‌ನಲ್ಲಿ ಏಸ್ ಇನ್ ದ ಹೋಲ್ ತಂಡದೊಂದಿಗೆ ಮೊದಲ ಬಾರಿಗೆ ಹಾಡಿದ್ದು, ಅದೇ ಊರಿನ ರೈಲು ಹಳಿಯ ಪಕ್ಕದಲ್ಲಿರುವ ಚೀಥಮ್ ಸ್ಟ್ರೀಟ್ ವೇರ್‌ಹೌಸ್ ಎಂಬ ಹಳೆಯ ಗೋದಾಮಿನಲ್ಲಿ. ಅನಂತರ ನ್ಯೂ ಬ್ರಾನ್‌ಫೆಲ್ಸ್ ಬಳಿಯ ಗ್ರೀನ್ ಹಾಲಿನಲ್ಲಿ ವರ್ಷಗಟ್ಟಲೆ ಹಾಡಿದರು. 1981ರಲ್ಲಿ ಎಂಸಿಎ ಎಂಬ ಧ್ವನಿಮುದ್ರಣ ಕಂಪನಿಯ ಒಪ್ಪಂದ ಕೈಗೆ ಸಿಕ್ಕಿದ ಮೇಲಷ್ಟೇ ಅವರು ಟೆಕ್ಸಾಸಿನ ಗಡಿ ದಾಟಿದ ಹೆಸರಾದರು.

2012ರ ಸೆಪ್ಟೆಂಬರ್‌ನಲ್ಲಿ ಅವರು ಘೋಷಿಸಿದ್ದು ಪ್ರವಾಸದ ನಿವೃತ್ತಿಯನ್ನು ಮಾತ್ರ. ಧ್ವನಿಮುದ್ರಣ ಮುಂದುವರಿಸುತ್ತೇನೆ, ಆಗೊಮ್ಮೆ ಈಗೊಮ್ಮೆ ಹಾಡುತ್ತೇನೆ ಎಂದು ಅಂದೇ ತಿಳಿಸಿದ್ದರು. ತಮ್ಮದೇ ಒಂದು ಹಳೆಯ ಹಾಡಿನ ಹೆಸರಿಟ್ಟುಕೊಂಡು 2013ರ ಜನವರಿಯಲ್ಲಿ ಲಬಕ್‌ನಿಂದ ಹೊರಟ ಆ ಪ್ರವಾಸ 2014ರ ಜೂನ್ 7ರಂದು ಆರ್ಲಿಂಗ್ಟನ್‌ನ ಕ್ರೀಡಾಂಗಣದಲ್ಲಿ 1,04,793 ಜನರ ಮುಂದೆ ಮುಗಿಯಿತು. ಹತ್ತು ವರ್ಷಗಳ ನಂತರ, 2024ರ ಜೂನ್‌ನಲ್ಲಿ, ಟೆಕ್ಸಾಸಿನ ಕಾಲೇಜ್ ಸ್ಟೇಷನ್ ಎಂಬ ಊರಿನಲ್ಲಿ ಅವರೇ 1,10,905 ಜನರ ಮುಂದೆ ಹಾಡಿ ಅಮೆರಿಕದಲ್ಲಿ ಟಿಕೆಟ್ ಮಾರಿ ನಡೆಸಿದ ಒಂದೇ ಕಛೇರಿಗೆ ಸೇರಿದ ಜನಸಂಖ್ಯೆಯ ಅಂದಿನ ದಾಖಲೆಯನ್ನು ಮುರಿದರು. ಜನ ನಗುವುದು ಇದಕ್ಕೇ. ಆದರೆ ಅವರು ಬಿಟ್ಟಿದ್ದು ಊರೂರು ಸುತ್ತುವ ಬಸ್ಸಿನ ಬದುಕನ್ನೇ ಹೊರತು ಹಾಡನ್ನಲ್ಲ ಎಂಬುದನ್ನು ನಗುವವರು ಮರೆಯುತ್ತಾರೆ.

ಹಾಗೆಂದು ಎಲ್ಲರದೂ ಒಂದೇ ಬಗೆಯಲ್ಲ. ಗಾಯಕಿ ನಯೋಮಿ ಜಡ್ ಅವರಿಗೆ ಹೆಪಟೈಟಿಸ್ ಸಿ ಎಂದು ಗೊತ್ತಾದ ಮೇಲೆ, ಅವರೂ ಮಗಳು ವೈನೋನಾ ಅವರೂ ಸೇರಿ ಹಾಡುತ್ತಿದ್ದ ಜೋಡಿ 1991ರ ಡಿಸೆಂಬರ್‌ನಲ್ಲಿ ಟೆನೆಸ್ಸಿಯ ಮರ್ಫ್ರೀಸ್‌ಬರೊದಲ್ಲಿ ವಿದಾಯ ಹೇಳಿತು. ಆರೋಗ್ಯ ಸುಧಾರಿಸಿದ ಬಳಿಕ ಮತ್ತೆ ಜೊತೆಯಾಗಿ ವೇದಿಕೆಗೆ ಬಂದಿತು. ಅದನ್ನು ಮೋಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಾಯಕಿ ಬಾರ್ಬರಾ ಮ್ಯಾಂಡ್ರೆಲ್ ಮಾತ್ರ 1997ರ ಅಕ್ಟೋಬರ್‌ನಲ್ಲಿ ನ್ಯಾಶ್‌ವಿಲ್ಲಿನ ಹೆಸರಾಂತ ಗ್ರ್ಯಾಂಡ್ ಓಲ್ ಓಪ್ರಿ ಭವನದಲ್ಲಿ ಕೊನೆಯ ಕಛೇರಿ ಮಾಡಿ, ಹಾಡುವುದನ್ನು ನಿಜಕ್ಕೂ ಅಲ್ಲಿಗೇ ನಿಲ್ಲಿಸಿದರು.

ಇನ್ನು ಗಾಯಕ, ಗಿಟಾರ್ ವಾದಕ ಗ್ಲೆನ್ ಕ್ಯಾಂಬೆಲ್. ತಮಗೆ ಆಲ್ಝೈಮರ್ ಕಾಯಿಲೆ ಇದೆಯೆಂದು 2011ರ ಜೂನ್‌ನಲ್ಲಿ ತಾವೇ ಬಹಿರಂಗಪಡಿಸಿ ಅವರು ಹೊರಟ ವಿದಾಯ ಪ್ರವಾಸ 151 ಕಛೇರಿಗಳಷ್ಟು ದೂರ ಸಾಗಿ, 2012ರ ನವೆಂಬರ್ 30ರಂದು ಕ್ಯಾಲಿಫೋರ್ನಿಯದ ನಾಪಾದಲ್ಲಿ ನಿಂತಿತು. ಮೂವರು ಮಕ್ಕಳು ಅದೇ ತಂಡದಲ್ಲಿ ನುಡಿಸುತ್ತಿದ್ದರು. ಎದುರಿಗಿದ್ದ ಪರದೆಯ ಮೇಲೆ ಸಾಹಿತ್ಯ ಓಡುತ್ತಿತ್ತು. ಸಾಲು ತಪ್ಪಿದರೂ ಗಿಟಾರಿನ ಮೇಲೆ ಬೆರಳು ತಪ್ಪುತ್ತಿರಲಿಲ್ಲ. ವಿದಾಯ ಕಾರ್ಯಕ್ರಮ ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇವರೇ.

ನಿಮ್ಮ ಊರಿನ ಗಾಯಕರಿಗೆ ಬಿಡಲು ಬಸ್ಸೂ ಇಲ್ಲ, ಮರಳಿ ಬರಲು ಕ್ರೀಡಾಂಗಣವೂ ಇಲ್ಲ. ಅವರು ಮುಂದೆ ಯಾರದೋ ಮದುವೆಯಲ್ಲಿ ಎರಡು ಹಾಡು ಹಾಡಬಹುದು, ಹಾಡಲಿ. ಆದರೆ ಆ ಹಾಲಿನ ವಾರದ ಸಂಜೆ ಇನ್ನಿರುವುದಿಲ್ಲ. ಬೀಳ್ಕೊಡಬೇಕಾದದ್ದು ಅದನ್ನು. ಆದ್ದರಿಂದ ಖಂಡಿತ ಹೋಗಿಬನ್ನಿ.

ಪಿಟೀಲುಪ್ರಿಯೆ

ಗುಡ್ಡದನಾಡು ಅವರು ಇತಿಹಾಸ ಹೇಳಿದ್ದಾರೆ. ನಾನು ಹಾಲಿನೊಳಗಿನ ರೀತಿರಿವಾಜುಗಳನ್ನು ಹೇಳುತ್ತೇನೆ. ನಾನು ಕರ್ನಾಟಕ ಸಂಗೀತದ ಪಿಟೀಲು ಕಲಿತವಳು, ಇಲ್ಲಿಗೆ ಬಂದ ಮೇಲೆ ಫಿಡಲ್ ಕೇಳುವ ಹುಚ್ಚು ಹತ್ತಿ ಇಂಥ ಹಾಲುಗಳಿಗೆ ಆಗಾಗ ಹೋಗುತ್ತಿರುತ್ತೇನೆ.

ಮಧ್ಯ ಟೆಕ್ಸಾಸಿನ ಹಳೆಯ ಹಾಲುಗಳಲ್ಲಿ ಹಲವನ್ನು ಕಟ್ಟಿದವರು ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಕುಟುಂಬಗಳು. 1878ರ ಗ್ರೀನ್ ಹಾಲ್ ಇಂದಿಗೂ ನಡೆಯುತ್ತಿದೆ. ಇಂಥ ಕಡೆ ಮಧ್ಯದಲ್ಲಿ ಮರದ ನೆಲ, ಸುತ್ತಲೂ ಉದ್ದದ ಮೇಜು–ಬೆಂಚುಗಳು, ಒಂದು ತುದಿಗೆ ತಗ್ಗಾದ ವೇದಿಕೆ ಇರುವುದು ವಾಡಿಕೆ. ಜೋಡಿಗಳು ನೆಲದ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತು ಹಾಕುತ್ತವೆ. ಚುರುಕಾಗಿ ಸಾಗುವವರು ಹೊರಸುತ್ತಿನಲ್ಲಿ, ನಿಧಾನದವರು ಒಳಸುತ್ತಿನಲ್ಲಿ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಬೆಳೆದ ನಮಗೆ ಈ ಅಪ್ರದಕ್ಷಿಣೆ ಮೊದಮೊದಲು ಕಾಲಿಗೇ ಒಗ್ಗುವುದಿಲ್ಲ. ಪಾನೀಯದ ಲೋಟ ಹಿಡಿದು ಆ ನೆಲದ ನಡುವೆ ಹಾದುಹೋಗಬೇಡಿ, ನಿಂತು ಫೋಟೊ ತೆಗೆಯಬೇಡಿ. ಅಲ್ಲಿಯ ಹಿರಿಯರು ಬಾಯಿಬಿಟ್ಟು ಹೇಳದಿದ್ದರೂ ಮುಖ ಗಂಟಿಕ್ಕುತ್ತಾರೆ. ಅಲ್ಲಿ ಕುಣಿಯುವ ಟೂ-ಸ್ಟೆಪ್ ಎಂಬ ಜೋಡಿ ಕುಣಿತವೆಂದರೆ ಎರಡು ಚುರುಕು ಹೆಜ್ಜೆ, ಎರಡು ನಿಧಾನದ ಹೆಜ್ಜೆ, ಅಷ್ಟೇ. ಪಕ್ಕದ ಮನೆಯ ಹಿರಿಯರನ್ನು ಕೇಳಿದರೆ ನಿಮ್ಮ ಅಂಗಳದಲ್ಲೇ ಒಂದು ಸಂಜೆಯಲ್ಲಿ ಕಲಿಸಿಬಿಡುತ್ತಾರೆ, ಮತ್ತು ಹಾಗೆ ಕೇಳಿದ್ದೇ ಅವರಿಗೆ ಸಂತೋಷ. ಕುಣಿಯದೆ ಕೂತರೂ ಯಾರೂ ತಪ್ಪು ತಿಳಿಯುವುದಿಲ್ಲ.

ಬೇಗ ಹೋಗಿ. ವಿದಾಯದ ದಿನ ಹಳೆಯ ಸಂಗಡಿಗರು ವಾದ್ಯ ಹಿಡಿದುಕೊಂಡು ಬಂದು ಒಂದೆರಡು ಹಾಡಿಗೆ ಜೊತೆ ನುಡಿಸುತ್ತಾರೆ. ಅದು ಬಹುಮಟ್ಟಿಗೆ ರಾತ್ರಿಯ ಕೊನೆಯ ಭಾಗದಲ್ಲಿ, ಮತ್ತು ಅಷ್ಟು ಹೊತ್ತಿಗೆ ಕೂರಲು ಜಾಗ ಉಳಿದಿರುವುದಿಲ್ಲ.

ತಾಯಿಯವರನ್ನು ಪೆಡಲ್ ಸ್ಟೀಲ್ ನುಡಿಸುವವರು ಕಾಣುವ ಕಡೆ ಕೂರಿಸಿ. ಕಾಲುಗಳ ಮೇಲೆ ಮೇಜಿನಂತೆ ನಿಲ್ಲಿಸಿದ ಹತ್ತು ತಂತಿಯ ಆ ವಾದ್ಯದಲ್ಲಿ ಎಡಗೈ ಒಂದು ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತದೆ, ಬಲಗೈ ಬೆರಳುಗಳಿಗೆ ತೊಟ್ಟ ಉಗುರುಗಳಿಂದ ಮೀಟುತ್ತದೆ, ಕೆಳಗೆ ಪಾದ ಪೆಡಲುಗಳನ್ನೂ ಮಂಡಿ ಸನ್ನೆಗೋಲುಗಳನ್ನೂ ಒತ್ತಿ, ಹಿಡಿದ ಸ್ವರ ಹಿಡಿದಂತೆಯೇ ಪಕ್ಕದ ತಂತಿಯನ್ನು ಮಾತ್ರ ಮೇಲಕ್ಕೋ ಕೆಳಕ್ಕೋ ಎಳೆಯುತ್ತದೆ. ನಮ್ಮ ಜಾರು ಗಮಕವನ್ನು ಬಲ್ಲ ಕಿವಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶಿವಮೊಗ್ಗದ ತಾಯಿಯವರು ಗಾಯಕರಿಗಿಂತ ಈ ಮನುಷ್ಯನನ್ನೇ ಹೆಚ್ಚು ನೋಡುತ್ತಾರೆಂದು ನನ್ನ ಅಂದಾಜು.

ಊಟದ ಬಗ್ಗೆ ಒಂದು ಎಚ್ಚರಿಕೆ. ಈ ಸೀಮೆಯಲ್ಲಿ ಪ್ರಸಿದ್ಧವಾದ ಚಿಕನ್ ಫ್ರೈಡ್ ಸ್ಟೀಕ್‌ನ ಹೆಸರಿನಲ್ಲಿ ಕೋಳಿ ಇದ್ದರೂ ತಟ್ಟೆಯಲ್ಲಿರುವುದು ದನದ ಮಾಂಸ. ಹುರುಳಿಕಾಯಿ, ಬೇಯಿಸಿದ ಕಾಳುಗಳಲ್ಲೂ ಹಂದಿಮಾಂಸದ ತುಣುಕು ಸೇರಿರುವುದುಂಟು. ಸಸ್ಯಾಹಾರಿಗಳಾದರೆ ಮನೆಯಲ್ಲೇ ಊಟ ಮುಗಿಸಿ ಹೊರಡುವುದು ಕ್ಷೇಮ.

ಶಾಲು–ಹಾರಕ್ಕಿಂತ ನಗದು ಮುಖ್ಯ ಎಂದು ನೇರವಾಗಿಯೇ ಹೇಳುತ್ತೇನೆ. ಊರ ಮಟ್ಟದ ತಂಡಗಳು ಬದುಕುವುದು ಬಾಗಿಲಲ್ಲಿ ಕೊಡುವ ಕವರ್ ಚಾರ್ಜ್‌ನ ಪಾಲು ಮತ್ತು ವೇದಿಕೆಯ ಮುಂದಿಟ್ಟ ಟಿಪ್ಸ್ ಜಾಡಿಯಿಂದ. ಇವರಲ್ಲಿ ಹೆಚ್ಚಿನವರಿಗೆ ಪಿಂಚಣಿಯಾಗಲಿ, ಕಂಪನಿ ಕೊಡುವ ಆರೋಗ್ಯವಿಮೆಯಾಗಲಿ ಇಲ್ಲ. ಆಸ್ಟಿನ್ ಸಂಗೀತಗಾರರ ಚಿಕಿತ್ಸೆಗೆ ನೆರವಾಗಲೆಂದೇ 2005ರಲ್ಲಿ ಹ್ಯಾಮ್ ಎಂಬ ಸಂಸ್ಥೆ ಹುಟ್ಟಬೇಕಾಯಿತು ಎಂದರೆ ಪರಿಸ್ಥಿತಿಯನ್ನು ನೀವೇ ಊಹಿಸಬಹುದು. ಒಳ್ಳೆಯ ನೋಟೊಂದನ್ನು ಮಡಿಸಿ ಜಾಡಿಗೆ ಹಾಕಿ, ಅವರ ಸಿ.ಡಿ. ಮೇಜಿನ ಮೇಲಿದ್ದರೆ ಎರಡು ಕೊಳ್ಳಿ.

ಸರಸ್ವತಿಪುರಂ

ಪಿಟೀಲುಪ್ರಿಯೆ ಅವರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಹಣ ಬೇಕು, ನಿಜ. ಆದರೆ ಕಲಾವಿದರಿಗೆ ಕಣ್ಣೆದುರು ಸಲ್ಲುವ ಗೌರವವೂ ಬೇಕು. 2017ರ ಅಕ್ಟೋಬರ್ 28ರಂದು ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಎಸ್. ಜಾನಕಿಯವರು ವೇದಿಕೆಗೆ ವಿದಾಯ ಹೇಳಿದಾಗ ನಾನು ಹಿಂದಿನ ಮೆಟ್ಟಿಲುಗಳ ಮೇಲಿದ್ದೆ. ಟಿಕೆಟ್ಟಿನ ಬೆಲೆ ಇವತ್ತು ನೆನಪಿಲ್ಲ. ಎಪ್ಪತ್ತೊಂಬತ್ತರ ಆ ಹಿರಿಯರಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ನೆನಪಿದೆ. ನಮ್ಮಲ್ಲಿ ಸನ್ಮಾನವೆಂದರೆ ಭಾಷಣ, ಹಾರ, ಸ್ಮರಣಿಕೆಗಳಲ್ಲಿ ಹಾಡೇ ಮುಳುಗಿಹೋಗುವ ಅಪಾಯವಿದೆ ಎಂಬುದನ್ನೂ ಬಲ್ಲೆ. ಆದರೂ ಒಂದು ಶಾಲಿನಿಂದ ಟೆಕ್ಸಾಸಿಗೇನೂ ಆಗುವುದಿಲ್ಲ. ತಾಯಿಯವರು ಹೊದಿಸಲಿ.

ಗುಡ್ಡದನಾಡು

ಹೊದಿಸಲಿ, ಆದರೆ ವೇದಿಕೆಯ ಮೇಲೆ ಬೇಡ. ಅಲ್ಲಿ ಹಾಡಿನಿಂದ ಹಾಡಿಗೆ ಬಿಡುವೇ ಇರುವುದಿಲ್ಲ. ಕುಣಿಯುವವರು ನೆಲ ಬಿಡುವ ಮೊದಲೇ ಮುಂದಿನ ಹಾಡು ಶುರುವಾಗಿರುತ್ತದೆ. ನಡುವೆ ಕಾರ್ಯಕ್ರಮ ನಿಲ್ಲಿಸಿ ಸನ್ಮಾನ ಮಾಡುವುದು, ಎಷ್ಟೇ ಒಳ್ಳೆಯ ಮನಸ್ಸಿನಿಂದ ಮಾಡಿದರೂ, ಆ ಓಟಕ್ಕೆ ತಡೆ. ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಮ್ಮೆ ತಂಡ ವಿರಾಮ ತೆಗೆದುಕೊಳ್ಳುತ್ತದೆ, ಆಗ ಗಾಯಕರು ತಾವೇ ಮೇಜುಗಳ ಬಳಿಗೆ ಬಂದು ಮಾತಾಡಿಸುತ್ತಾರೆ. ಇಂಥ ಊರ ಗಾಯಕರಿಗೂ ಕ್ರೀಡಾಂಗಣದ ತಾರೆಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಅದೇ ತಕ್ಕ ಸಮಯ.

ಆಸ್ಟಿನ್‌ನ ಬ್ರೋಕನ್ ಸ್ಪೋಕ್ ಹಾಲನ್ನು 1964ರಲ್ಲಿ ತೆರೆದ ಜೇಮ್ಸ್ ವೈಟ್ ಅವರು 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಬಂದವರನ್ನು ತಾವೇ ಖುದ್ದಾಗಿ ಮಾತಾಡಿಸುತ್ತಿದ್ದರು. ಎರಡೂ ಪಕ್ಕದಲ್ಲಿ ಅಪಾರ್ಟ್‌ಮೆಂಟುಗಳು ಎದ್ದು ನಿಂತ ಮೇಲೂ ಆ ತಗ್ಗು ಛಾವಣಿಯ ಹಾಲು ಉಳಿದದ್ದರಲ್ಲಿ ಈ ನಡವಳಿಕೆಯ ಪಾಲೂ ಇದೆ ಎಂಬುದು ನನ್ನ ನಂಬಿಕೆ. ಆದ್ದರಿಂದ ಪರಕೀಯರು ಏನೋ ವಿಚಿತ್ರ ಮಾಡುತ್ತಿದ್ದಾರೆಂದು ಯಾರೂ ನೋಡುವುದಿಲ್ಲ. ಏನು, ಏಕೆ ಎಂದು ಎರಡು ವಾಕ್ಯದಲ್ಲಿ ಹೇಳಿ ಕೊಟ್ಟರೆ ಸಾಕು. ಹಾರ ಮಾತ್ರ ಬೇಡ. ಗಿಟಾರಿನ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ.

ತುಂಗಾತೀರ

ಎಲ್ಲರಿಗೂ ಅನಂತ ಧನ್ಯವಾದಗಳು. ಪಕ್ಕದ ಮನೆಯವರನ್ನು ಕೇಳಿದೆ; ಬಾಗಿಲು ಏಳಕ್ಕೆ ತೆರೆಯುತ್ತದಂತೆ, ಪೆಡಲ್ ಸ್ಟೀಲ್ ವೇದಿಕೆಯ ಎಡಗಡೆಗೆ ಇರುತ್ತದಂತೆ, ಆ ಬದಿಯ ಮೇಜನ್ನು ಹಿಡಿದಿಡುತ್ತೇವೆ ಎಂದಿದ್ದಾರೆ. ಟೂ-ಸ್ಟೆಪ್ ಪಾಠ ಬರುವ ಭಾನುವಾರ. ಅಮ್ಮ ಹಾರವನ್ನು ಬಿಟ್ಟುಕೊಟ್ಟಿದ್ದಾರೆ, ಆದರೆ ಶಾಲು ರೇಷ್ಮೆಯದೇ ಆಗಬೇಕಂತೆ. ಈ ಬಿಸಿಲಿಗೆ ರೇಷ್ಮೆಯೇ ಎಂದು ಕೇಳಿದ್ದಕ್ಕೆ, ಹೊದೆಯುವವರು ಅವರು, ನಿನಗೇಕೆ ಸೆಕೆ ಎಂದರು. ಇನ್ನು ಒಂದೇ ಸಂದೇಹ ಉಳಿದಿದೆ: ಮೊಬೈಲಿನಲ್ಲಿ ಒಂದೆರಡು ಹಾಡನ್ನು ಚಿತ್ರೀಕರಿಸಿಕೊಳ್ಳಬಹುದೇ?

ಪಿಟೀಲುಪ್ರಿಯೆ

ಬಾಗಿಲಲ್ಲಿ ನಿಂತವರನ್ನು ಒಮ್ಮೆ ಕೇಳಿಬಿಡಿ. ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ, ಆದರೆ ಮೇಜಿನಿಂದಲೇ ತೆಗೆಯಿರಿ, ಫ್ಲ್ಯಾಶ್ ಬೇಡ. ಪಕ್ಕದ ಮನೆಯವರು ಕುಣಿಯುವಾಗ ಅವರನ್ನೂ ಸೇರಿಸಿ ಒಂದು ಹಾಡನ್ನು ಪೂರ್ತಿ ಚಿತ್ರೀಕರಿಸಿ ಅವರಿಗೆ ಕಳುಹಿಸಿಕೊಡಿ. ಮರುದಿನ ಅವರ ಮಕ್ಕಳು ನಿಮ್ಮ ನಂಬರ್ ಹುಡುಕಿಕೊಂಡು ಕರೆ ಮಾಡುತ್ತಾರೆ.