ಸಹಾಯ ಬೇಕು: ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತೃ ಯಾರು?

ಎಲ್ಲರಿಗೂ ವಂದನೆಗಳು. ನಮ್ಮ ಸಭೆಯ ಯುವಕರ ಬೈಬಲ್ ತರಗತಿಯಲ್ಲಿ ಹೊಸ ಒಡಂಬಡಿಕೆಯ ಈ ಪತ್ರಿಕೆಯನ್ನು (ಪತ್ರವನ್ನು) ಓದಿಸುತ್ತಿದ್ದೇನೆ. ಬರೆದವನು ಅಪೊಸ್ತಲ ಪೌಲನೆಂದು ಬಾಲ್ಯದಿಂದ ಕೇಳಿದ್ದೆ. 1611ರ ಇಂಗ್ಲಿಷ್ ಬೈಬಲಿನ ಶೀರ್ಷಿಕೆಯಲ್ಲೂ ಅವನ ಹೆಸರೇ ಇದೆ. ಆದರೆ ಪತ್ರಿಕೆಯ ಒಳಗೆಲ್ಲೂ ಬರೆದವನ ಹೆಸರಿಲ್ಲ.

ಒಬ್ಬ ಹುಡುಗಿ ಕೇಳಿದ ಪ್ರಶ್ನೆಗೆ ನಾನು ತಬ್ಬಿಬ್ಬಾದೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ (1:12) ಪೌಲನು ಸುವಾರ್ತೆಯನ್ನು ಮನುಷ್ಯರಿಂದ ಹೊಂದಲಿಲ್ಲ ಎನ್ನುತ್ತಾನೆ. ಇಬ್ರಿಯ 2:3ರಲ್ಲಾದರೋ, ಕರ್ತನಿಂದ ಕೇಳಿದವರೇ ಅದನ್ನು ನಮಗೆ ಸ್ಥಿರಪಡಿಸಿದರು ಎಂದಿದೆ. ಇವೆರಡನ್ನೂ ಒಬ್ಬನೇ ಬರೆದಿರಬಹುದೇ?

ಬರೆದವನು ಪೌಲನ ಜೊತೆಗಾರ ಬಾರ್ನಬನೆಂದು ಆದಿ ಸಭೆಯ ಲೇಖಕ ತೆರ್ತುಲಿಯನ್ ಹೇಳಿದ, ಆ ಕಾಲದ ಬೋಧಕ ಅಪೊಲ್ಲೋಸನೆಂದು ಧರ್ಮಸುಧಾರಕ ಲೂಥರ್ ಹೇಳಿದ, 1900ರಲ್ಲಿ ಜರ್ಮನ್ ವಿದ್ವಾಂಸ ಹಾರ್ನಾಕ್ ಪೌಲನ ಜೊತೆ ಕೆಲಸ ಮಾಡಿದ ಪ್ರಿಸ್ಕಿಲ್ಲಳ ಹೆಸರೆತ್ತಿದ (ಹುಡುಗಿಯರಿಗೆ ಇದು ಬಹಳ ಹಿಡಿಸಿತು!). ಮೂರನೆಯ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್, ಬರೆದವರು ಯಾರೆಂಬುದು ದೇವರಿಗೇ ಗೊತ್ತು ಎಂದು ಕೈಚೆಲ್ಲಿದ್ದ. ನನಗೆ ಅವನ ಮಾತೇ ಪ್ರಾಮಾಣಿಕವೆನಿಸುತ್ತದೆ.

ಪತ್ರಿಕೆಯ ಮೂಲ ಭಾಷೆಯಾದ ಗ್ರೀಕ್ ಬಲ್ಲವರಲ್ಲಿ ಎರಡು ವಿನಂತಿಗಳಿವೆ. ಇದರ ಶೈಲಿ ಪೌಲನದಕ್ಕಿಂತ ಹೇಗೆ ಭಿನ್ನವೆಂದು ಒಂದೆರಡು ಸರಳ ಉದಾಹರಣೆ ಕೊಡುವಿರಾ? ಪೌಲನ ಪತ್ರಿಕೆಗಳ ಸುಮಾರು ಕ್ರಿ.ಶ. 200ರ ಹಸ್ತಪ್ರತಿಯಾದ ಪಪೈರಸ್ 46ರಲ್ಲಿ ಇದು ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯ ಬೆನ್ನಿಗೇ ಇದೆಯಲ್ಲ, ಅದನ್ನು ಪೌಲನ ಪರವಾದ ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಎಣಿಸಬಹುದು? ಮುಂದಿನ ತರಗತಿ ಭಾನುವಾರ. ಶನಿವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.