ಪದಚರ್ಚೆ: ಡ್ರಾಫ್ಟ್‌ನ ‘ಪಿಕ್’ ಅಂದರೆ ಆಯ್ಕೆಯೋ, ಸರದಿಯೋ?

ಗೆಳೆಯರಿಗೆಲ್ಲ ನಮಸ್ಕಾರ.

ನೇರವಾಗಿ ಪ್ರಶ್ನೆಗೇ ಬರುತ್ತೇನೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇದೆಯಲ್ಲ, ಅಲ್ಲಿ ತಂಡಗಳು ಹೊಸ ಆಟಗಾರರನ್ನು ಸಾಲಾಗಿ ತೆಗೆದುಕೊಳ್ಳುವ ಡ್ರಾಫ್ಟ್‌ನಲ್ಲಿ ‘ಪಿಕ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಬರೆಯುವುದು? ಎಲ್ಲರಿಗೂ ಮೊದಲು ಹೊಳೆಯುವುದು ‘ಆಯ್ಕೆ’. ನನಗೆ ಅದು ಸರಿ ಕಾಣುತ್ತಿಲ್ಲ. ‘ಸರದಿ’ ವಾಸಿ ಅನ್ನಿಸುತ್ತಿದೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಿದೆ, ಓದಿ ಆಮೇಲೆ ಬೈಯಿರಿ. ಜೊತೆಗೆ ‘ಪ್ರಾಸ್ಪೆಕ್ಟ್’ (ಡ್ರಾಫ್ಟ್‌ಗೆ ನಿಂತ ಹೊಸ ಹುಡುಗ) ಅನ್ನುವ ಇನ್ನೊಂದು ತಲೆನೋವೂ ಇದೆ.

ಬಾಸ್ಕೆಟ್‌ಬಾಲ್ ಆಡುವ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ವಿಷಯ, 2025ರ ಡ್ರಾಫ್ಟ್‌ಗೆ ಮುಂಚೆ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ತಂಡದ ಅಭಿಮಾನಿಗಳು ಮಾಡಿಕೊಂಡ ಜಗಳ. ಮೇ 12ಕ್ಕೆ ಲಾಟರಿ ಆಯಿತು, ಜೂನ್ 25ಕ್ಕೆ ಡ್ರಾಫ್ಟ್. ನಡುವಿನ ಆರು ವಾರ ಅವರಿಗೆ ಬೇರೆ ಕೆಲಸವೇ ಇರಲಿಲ್ಲ. ಮೂರನೇ ಪಿಕ್ ಸಿಕ್ಕಿದೆ, ಯಾರನ್ನ ತಗೋಬೇಕು? ಬಹಾಮಾಸ್‌ನ ವಿ.ಜೆ. ಎಡ್ಜ್‌ಕಮ್‌ನನ್ನೋ, ರಟ್ಗರ್ಸ್ ಯೂನಿವರ್ಸಿಟಿಯ ಏಸ್ ಬೇಯ್ಲಿಯನ್ನೋ? ಈ ಜಗಳ ಕನ್ನಡಕ್ಕೆ ತರಲು ಹೊರಟಾಗ ಪ್ರತಿ ಸಾಲಿಗೂ ಒಂದು ಪದ ಕೈಕೊಟ್ಟಿತು.

ಡ್ರಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಐಪಿಎಲ್ ಥರ ಹರಾಜು ಅಲ್ಲ, ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. 30 ತಂಡ, ಎರಡು ಸುತ್ತು. ಒಬ್ಬರಾದ ಮೇಲೆ ಒಬ್ಬರು ಒಬ್ಬೊಬ್ಬ ಹೊಸ ಆಟಗಾರನನ್ನು ತೆಗೆದುಕೊಳ್ಳುತ್ತಾ ಹೋಗುತ್ತಾರೆ. ಮೊದಲ ಸುತ್ತಿನಲ್ಲಿ ಎಷ್ಟನೆಯವನಾಗಿ ಬಂದ ಅನ್ನುವುದರ ಮೇಲೆಯೇ ಸಂಬಳದ ಲೆಕ್ಕ. 2025ರ ನಿಯಮದಂತೆ ಪ್ಲೇಆಫ್‌ಗೆ ಬರದ 14 ತಂಡಗಳ ನಡುವೆ ಲಾಟರಿ ನಡೆಯಿತು. ಮೊದಲ ನಾಲ್ಕು ಸ್ಥಾನ ಮಾತ್ರ ಲಾಟರಿಯಲ್ಲಿ, ಉಳಿದದ್ದು ಸೋಲು ಗೆಲುವಿನ ಲೆಕ್ಕದಲ್ಲಿ. ಹೆಚ್ಚು ಸೋತವರಿಗೆ ಅವಕಾಶ ಜಾಸ್ತಿ, ಆದರೆ ಗ್ಯಾರಂಟಿ ಇಲ್ಲ. ಆ ವರ್ಷ ಬರೀ 1.8 ಪರ್ಸೆಂಟ್ ಅವಕಾಶ ಇದ್ದ ಡಲ್ಲಾಸ್‌ಗೆ ಮೊದಲ ಸ್ಥಾನ ಹೊಡೆಯಿತು. 65 ಪಂದ್ಯ ಸೋತ ಯೂಟಾ ಐದಕ್ಕೆ ಜಾರಿತು.

‘ಡ್ರಾಫ್ಟ್’ ಅನ್ನು ನಾನು ಹಾಗೇ ಬಿಟ್ಟಿದ್ದೇನೆ. ಯಂತ್ರದ ಅನುವಾದದಲ್ಲಿ ‘ಎನ್‌ಬಿಎ ಕರಡು’ ಅಂತ ಬಂದದ್ದು ನೋಡಿದ್ದೇನೆ. ಯಾವುದೋ ಮಸೂದೆ ಮಂಡನೆ ಆಗುತ್ತಿದೆಯೇನೋ ಅನ್ನಿಸುತ್ತದೆ. ಇದರ ಮೇಲೆ ಚರ್ಚೆ ಬೇಡ, ದಯವಿಟ್ಟು.

ಈಗ ‘ಆಯ್ಕೆ’ಗೆ ಬರೋಣ. ‘ನನ್ನ ಮೊದಲ ಆಯ್ಕೆ’ ಅಂದರೆ ಕನ್ನಡದಲ್ಲಿ ಏನರ್ಥ? ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಂತ. ಹಾಗಿರುವಾಗ ‘ನಿಕೋಲಾ ಯೋಕಿಚ್ ಡೆನ್ವರ್‌ನ 41ನೇ ಆಯ್ಕೆ’ ಅಂತ ಬರೆದರೆ? ಡೆನ್ವರ್‌ನವರಿಗೆ ಅವನಿಗಿಂತ 40 ಜನ ಜಾಸ್ತಿ ಇಷ್ಟವಾಗಿದ್ದರು ಅಂತ ಓದುಗ ತಿಳಿಯುತ್ತಾನೆ. ಆದದ್ದು ಬೇರೆ. 2014ರ ಆ ರಾತ್ರಿ ಎಲ್ಲ ತಂಡದವರೂ ಸೇರಿ 40 ಹುಡುಗರನ್ನು ತೆಗೆದುಕೊಂಡ ಮೇಲೆ ಡೆನ್ವರ್ ಅವನ ಹೆಸರು ಹೇಳಿತು, ಅಷ್ಟೇ. (ಆಮೇಲೆ ಆತ ಮೂರು ಸಲ ಎಂವಿಪಿ, ಅಂದರೆ ವರ್ಷದ ಶ್ರೇಷ್ಠ ಆಟಗಾರ ಆದ, 2023ರಲ್ಲಿ ತಂಡಕ್ಕೆ ಕಪ್ ತಂದುಕೊಟ್ಟ, ಅದು ಬೇರೆ ಕಥೆ.) ಪಂಜಾಬಿನ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್‌ಗೆ ಬಂದಾಗಲೂ ಇದೇ ತೊಡಕು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಹೆಸರು ಕೂಗಿಸಿಕೊಂಡ ಮೊದಲಿಗ ಆತ. ಅದನ್ನು ‘52ನೇ ಆಯ್ಕೆ’ ಅಂತ ಬರೆದರೆ ಸುಮ್ನೆ ಅವಮಾನ ಮಾಡಿದ ಹಾಗೆ ಕೇಳುತ್ತದೆ. ‘52ನೇ ಸರದಿಯಲ್ಲಿ ಡಲ್ಲಾಸ್ ಸತ್ನಾಮ್‌ನನ್ನು ತೆಗೆದುಕೊಂಡಿತು’ ಅನ್ನಿ, ಗೊಂದಲವೇ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪಿಕ್ ಅನ್ನುವುದು ಮಾರಾಟದ ವಸ್ತು. ಯಾರನ್ನು ತೆಗೆದುಕೊಳ್ಳುತ್ತೇವೆ ಅಂತ ಗೊತ್ತಾಗುವುದಕ್ಕೆ ನಾಲ್ಕೈದು ವರ್ಷ ಮುಂಚೆಯೇ ತಂಡಗಳು ಅದನ್ನು ಕೊಟ್ಟು ತಗೊಂಡು ಮಾಡುತ್ತವೆ. ಫಿಲಡೆಲ್ಫಿಯಾ 2020ರಲ್ಲಿ ಅಲ್ ಹಾರ್ಫರ್ಡ್‌ನನ್ನು ಒಕ್ಲಹೋಮಾ ಸಿಟಿಗೆ ಕಳಿಸುವಾಗ ಜೊತೆಗೆ ತನ್ನ 2025ರ ಮೊದಲ ಸುತ್ತಿನ ಪಿಕ್ ಕೂಡ ಬರೆದುಕೊಟ್ಟಿತು. ಆಗ ಎಡ್ಜ್‌ಕಮ್‌ಗೆ 15 ವರ್ಷ. ಅವನ ಹೆಸರು ಯಾರಿಗೆ ಗೊತ್ತಿತ್ತು? ‘ಆಯ್ಕೆಯನ್ನು ಕೊಟ್ಟುಬಿಟ್ಟಿತು’ ಅಂದರೆ ಕನ್ನಡವೇ ಅಲ್ಲ, ಇನ್ನೂ ಏನನ್ನೂ ಆರಿಸೇ ಇಲ್ಲವಲ್ಲ! ‘ಸರದಿ ಬಿಟ್ಟುಕೊಟ್ಟಿತು’ ಅನ್ನಿ. ಕ್ಯೂನಲ್ಲಿ ನಿಂತ ಯಾರಿಗಾದರೂ ಅರ್ಥವಾಗುತ್ತದೆ.

ಆ ಬರೆದುಕೊಟ್ಟದ್ದಕ್ಕೆ ಒಂದು ಷರತ್ತೂ ಇತ್ತು. ಮೊದಲ ಆರರೊಳಗೆ ಬಂದರೆ ನಮಗೇ ಇರಲಿ, ಏಳಕ್ಕೋ ಅದರಾಚೆಗೋ ಹೋದರೆ ನಿಮಗೆ ಅಂತ. ಇಂಗ್ಲಿಷಿನವರು ಇದಕ್ಕೆ ‘ಟಾಪ್ ಸಿಕ್ಸ್ ಪ್ರೊಟೆಕ್ಟೆಡ್’ ಅನ್ನುತ್ತಾರೆ. ಕೆಲವರು ‘ಸಂರಕ್ಷಿತ ಆಯ್ಕೆ’ ಅಂದಾರು, ಯಾವುದೋ ಅಭಯಾರಣ್ಯದ ಬೋರ್ಡು ಓದಿದ ಹಾಗಿದೆ. ಜಮೀನಿನ ವ್ಯವಹಾರದಲ್ಲಿ ‘ಷರತ್ತಿನ ಕ್ರಯ’ ಅನ್ನುತ್ತೇವಲ್ಲ, ಅದೇ ದಾರಿಯಲ್ಲಿ ‘ಷರತ್ತಿನ ಸರದಿ’ ಅಂದರೆ ಸಾಕು ಅಂತ ನನ್ನ ಅಭಿಪ್ರಾಯ. ಆರರೊಳಗಿನ ಷರತ್ತು, ಹತ್ತರೊಳಗಿನ ಷರತ್ತು ಅಂತ ಬಿಡಿಸಿಯೂ ಹೇಳಬಹುದು. ಈ ಷರತ್ತಿನಿಂದಾಗಿಯೇ ಫಿಲಡೆಲ್ಫಿಯಾದ ಅಭಿಮಾನಿಗಳು ಸೀಸನ್ ಕೊನೆಯಲ್ಲಿ ತಮ್ಮದೇ ತಂಡ ಸೋಲಲಿ ಅಂತ ಹರಕೆ ಹೊತ್ತಿದ್ದು. 24 ಗೆಲುವು, 58 ಸೋಲು. ಲಾಟರಿಯಲ್ಲಿ ಮೂರು ಬಂತು, ಸರದಿ ಉಳಿಯಿತು.

ಹಾಗಾಗಿ ನನ್ನ ಪ್ರಸ್ತಾಪ ಇಷ್ಟು: ಹಕ್ಕಿಗೆ ‘ಸರದಿ’, ಅದರಲ್ಲಿ ಮಾಡುವ ಕೆಲಸಕ್ಕೆ ‘ತೆಗೆದುಕೊಳ್ಳು’ ಅಥವಾ ‘ಆರಿಸು’. ಇಂಗ್ಲಿಷಿನಲ್ಲಿ ಹಕ್ಕು, ಕೆಲಸ, ಆ ಹುಡುಗ, ಮೂರಕ್ಕೂ ಒಂದೇ ಪದ. ನಾವೂ ಹಾಗೇ ಮಾಡಬೇಕು ಅಂತೇನಿಲ್ಲ. ಉತ್ತರ ಕರ್ನಾಟಕದ ಗೆಳೆಯರು ‘ಪಾಳಿ’ ಅನ್ನಬಹುದು. ನಮ್ಮ ಪಾಳಿ ಬಂತು ಅನ್ನುವುದು ಕೇಳಲು ಚೆನ್ನಾಗಿಯೇ ಇದೆ. ಆದರೆ ಬೆಂಗಳೂರು ಮೈಸೂರು ಕಡೆಯವರಿಗೆ ಪಾಳಿ ಅಂದ ತಕ್ಷಣ ಫ್ಯಾಕ್ಟರಿ ಶಿಫ್ಟ್ ನೆನಪಾಗುತ್ತದೆ. ಈ ಬಗ್ಗೆ ಧಾರವಾಡ, ಕಲಬುರಗಿ ಕಡೆಯವರು ಹೇಳಬೇಕು.

‘ಸರದಿ’ ಹಚ್ಚಿ ನೋಡಲು ನಮ್ಮದೇ ಒಂದು ಉದಾಹರಣೆ ಇದೆ. 2008ರ ಮೊದಲ ಐಪಿಎಲ್‌ನಲ್ಲಿ ದೊಡ್ಡವರಿಗೆ ಹರಾಜು, ಆದರೆ 19 ವರ್ಷದೊಳಗಿನ ಹುಡುಗರಿಗೆ ಡ್ರಾಫ್ಟ್. ಮೊದಲ ಸರದಿ ದೆಹಲಿಯದು. ಅವರ ಬಳಿ ಸೆಹ್ವಾಗ್, ಗಂಭೀರ್, ಧವನ್, ಡಿವಿಲಿಯರ್ಸ್ ಇದ್ದರು. ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ ಅಂತ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ತೆಗೆದುಕೊಂಡರು. ನಮ್ಮವರು ವಿರಾಟ್ ಕೊಹ್ಲಿಯನ್ನು ತೆಗೆದುಕೊಂಡರು. ಈ ಸಾಲುಗಳಲ್ಲಿ ‘ಸರದಿ’ ಎಲ್ಲೂ ಚುಚ್ಚುವುದಿಲ್ಲ, ಅಲ್ವಾ? ‘ದೆಹಲಿಯ ಮೊದಲ ಆಯ್ಕೆ’ ಅಂತ ಹಾಕಿ ನೋಡಿ. ಅದು ಸಾಂಗ್ವಾನ್ ಕಡೆಗೆ ತಿರುಗುತ್ತದೆ, ಸರದಿಯ ಅರ್ಥ ಬಿದ್ದೇ ಹೋಗುತ್ತದೆ.

ದೆಹಲಿಯ ಈ ಲೆಕ್ಕಾಚಾರವೇ ಫಿಲಡೆಲ್ಫಿಯಾದ ಜಗಳದ ತಿರುಳು ಕೂಡ. ನಮಗೆ ಬೇಕಾದವನನ್ನು ತಗೋಬೇಕೋ, ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನೋ? ತಂಡದಲ್ಲಿ ಆಗಲೇ ಮ್ಯಾಕ್ಸಿ, ಮೆಕೇನ್, ಗ್ರೈಮ್ಸ್ ಅಂತ ಗಾರ್ಡ್‌ಗಳ (ಬುಟ್ಟಿಯಿಂದ ದೂರ ನಿಂತು ಬಾಲ್ ನಡೆಸುವವರ) ದಂಡೇ ಇತ್ತು. ಎಡ್ಜ್‌ಕಮ್ ಕೂಡ ಗಾರ್ಡೇ. ಬೇಯ್ಲಿ ಎತ್ತರದ ಫಾರ್ವರ್ಡ್, ಎದುರಿಗೆ ಯಾರೇ ಕೈ ಎತ್ತಿ ನಿಂತರೂ ಮೇಲಿಂದ ಬಾಲ್ ಹಾಕಬಲ್ಲ. ಕಾಲೇಜಿನಲ್ಲಿ ಪಂದ್ಯಕ್ಕೆ ಸರಾಸರಿ 17.6 ಅಂಕ ತೆಗೆದವನು. ಆದರೆ ಬಾಲ್ ಕೈಗೆ ಬಂದರೆ ಇನ್ನೊಬ್ಬರಿಗೆ ಕೊಡುವುದು ಕಡಿಮೆ, ಅಸಿಸ್ಟ್ ಬರೀ 1.3. ಕಾಲೇಜಿನ ಪಟ್ಟಿಯಲ್ಲಿ 6 ಅಡಿ 10 ಇಂಚು ಅಂತಿದ್ದವನು ಬರಿಗಾಲಲ್ಲಿ ಅಳೆದಾಗ 6 ಅಡಿ ಏಳೂವರೆ ಇಂಚು ಆದ. ಆ ಎರಡೂವರೆ ಇಂಚಿನ ಮೇಲೆ ಎಷ್ಟು ಚರ್ಚೆ ಆಯಿತು ಅಂತೀರಿ!

ಇಲ್ಲಿ ಪದದ ಸಮಸ್ಯೆ ಏನೆಂದರೆ, ‘ಬೆಸ್ಟ್ ಪ್ಲೇಯರ್ ಅವೇಲಬಲ್’ ಅನ್ನುವುದನ್ನು ‘ಇದ್ದವರಲ್ಲಿ ಒಳ್ಳೆಯವನು’ ಅಂತ ಮಾಡಿದರೆ ಕನ್ನಡದಲ್ಲಿ ಹೊಗಳಿಕೆ ಹೋಗಿ ತೆಗಳಿಕೆ ಆಗುತ್ತದೆ. ‘ಇದ್ದುದರಲ್ಲಿ ಪರವಾಗಿಲ್ಲ’ ಅಂದರೆ ಬೇರೆ ಗತಿ ಇಲ್ಲ ಅಂತಲೇ ಅರ್ಥ. 1984ರಲ್ಲಿ ಪೋರ್ಟ್‌ಲ್ಯಾಂಡ್ ತನಗೆ ಬೇಕು ಅಂತ ಸೆಂಟರ್ ಆಡುವ ಸ್ಯಾಮ್ ಬೋವಿಯನ್ನು ಎರಡನೇ ಸರದಿಯಲ್ಲಿ ತಗೊಂಡಾಗ, ಬಿಟ್ಟದ್ದು ಮೈಕೆಲ್ ಜೋರ್ಡನ್‌ನನ್ನು. ಜೋರ್ಡನ್ ‘ಇದ್ದವರಲ್ಲಿ ಒಳ್ಳೆಯವನು’ ಅಂದರೆ ಶಿಕಾಗೋದವರು ಹೊಡೆಯಲು ಬಂದಾರು. ನಾನು ಸದ್ಯಕ್ಕೆ ‘ಉಳಿದವರಲ್ಲೆಲ್ಲ ಮೇಲಿನವನು’ ಅಂತ ಹಾಕಿದ್ದೇನೆ. ಅಷ್ಟು ಖುಷಿ ಇಲ್ಲ. ಯಾರಿಗಾದರೂ ಚುರುಕಾದದ್ದು ಹೊಳೆದರೆ ಹೇಳಿ.

ಇನ್ನು ‘ಪ್ರಾಸ್ಪೆಕ್ಟ್’. ಪತ್ರಿಕೆಯ ಕನ್ನಡದಲ್ಲಿ ‘ಉದಯೋನ್ಮುಖ ಆಟಗಾರ’ ರೆಡಿ ಇದೆ. ಆದರೆ ಅದು ಸನ್ಮಾನ ಪತ್ರದ ಪದ. ಪ್ರಾಸ್ಪೆಕ್ಟ್ ಒಳ್ಳೆಯವನೂ ಇರಬಹುದು, ಕೈಲಾಗದವನೂ ಇರಬಹುದು. ‘ಕಳಪೆ ಉದಯೋನ್ಮುಖ ಆಟಗಾರ’ ಅನ್ನಲಾಗುತ್ತದೆಯೇ? ‘ಅಭ್ಯರ್ಥಿ’ ಅಂದರೆ ಪರೀಕ್ಷೆ ಹಾಲ್ ಟಿಕೆಟ್ ಕಣ್ಣ ಮುಂದೆ ಬರುತ್ತದೆ. ‘ಆಕಾಂಕ್ಷಿ’ ನನಗೆ ಬಹಳ ಹಿಡಿಸಿತ್ತು. ಟಿಕೆಟ್ ಆಕಾಂಕ್ಷಿಗಳು, ಸಚಿವ ಸ್ಥಾನದ ಆಕಾಂಕ್ಷಿಗಳು ಅಂತ ದಿನಾ ಓದುತ್ತೇವಲ್ಲ, ಅದೇ ವಾತಾವರಣ ಇಲ್ಲೂ ಇದೆ: ಲಾಬಿ, ಏಜೆಂಟು, ಗುಸುಗುಸು. ಆದರೆ ಬೇಯ್ಲಿ ಅದನ್ನೂ ಕೆಡಿಸಿದ. ಡ್ರಾಫ್ಟ್‌ಗೆ ಮುಂಚೆ ತಂಡಗಳು ಹುಡುಗರನ್ನು ಕರೆಸಿ ಆಡಿಸಿ ನೋಡುವುದು ವಾಡಿಕೆ. ಫಿಲಡೆಲ್ಫಿಯಾಕ್ಕೆ ಬರುತ್ತೇನೆ ಅಂದು ಕೊನೆಗೆ ಬರಲೇ ಇಲ್ಲ ಆತ. ಬರದೇ ಇರುವವನು ಎಂಥ ಆಕಾಂಕ್ಷಿ?

ಕೊನೆಗೆ ನನಗೆ ಅನ್ನಿಸಿದ್ದು, ಪ್ರಾಸ್ಪೆಕ್ಟ್‌ಗೆ ಕನ್ನಡದಲ್ಲಿ ನಾಮಪದ ಹುಡುಕುವುದಕ್ಕಿಂತ ಕ್ರಿಯಾಪದಕ್ಕೆ ಹೋಗುವುದು ಸಲೀಸು. ವ್ಯಾಕರಣದಲ್ಲಿ ಸಂಭಾವನಾರ್ಥಕ ಅಂತ ಓದಿದ್ದೇವಲ್ಲ: ಬಂದಾನು, ಬೆಳೆದಾನು, ಗೆದ್ದಾನು. ಅನುಮಾನ, ಆಸೆ ಎರಡೂ ಒಂದೇ ಪ್ರತ್ಯಯದಲ್ಲಿ. ಡ್ರಾಫ್ಟ್ ಹುಡುಗನ ಬಗ್ಗೆ ಯಾರಿಗೂ ಇದಕ್ಕಿಂತ ಜಾಸ್ತಿ ಗೊತ್ತಿರುವುದಿಲ್ಲ. (ಸಂಭಾವನೆ ಅಂದರೆ ದುಡ್ಡು ಅಂತಲೂ ಅರ್ಥ ಇರುವುದು ಕಾಕತಾಳೀಯ. ಆ ಹುಡುಗರು ಕಾಯುವುದು ಎರಡಕ್ಕೂ.) ‘ಸೀಲಿಂಗ್’, ‘ಫ್ಲೋರ್’ ಅಂತ ಅವರು ಅಳೆಯುವುದಕ್ಕೂ ಇದೇ ಸಾಕು. ಚಾವಣಿ, ನೆಲ ಅಂತ ಮನೆ ಕಟ್ಟಲು ಹೋಗುವುದು ಬೇಡ. ‘ಬೇಯ್ಲಿ ಆದರೆ ಎಲ್ಲಿವರೆಗೆ ಆದಾನು? ಎಡ್ಜ್‌ಕಮ್ ಕೆಟ್ಟರೆ ಎಷ್ಟು ಕೆಟ್ಟಾನು?’ ಇಷ್ಟರಲ್ಲಿ ಇಡೀ ಜಗಳ ಬಂತು. ಮೊದಲನೆಯದರ ಮೇಲೆ ಬೇಯ್ಲಿ ಕಡೆಯವರ ಕಣ್ಣು, ಎರಡನೆಯದರ ಮೇಲೆ ಎಡ್ಜ್‌ಕಮ್ ಕಡೆಯವರದು. ನಾನು ಎರಡನೇ ಗುಂಪು. ರಕ್ಷಣೆಯಲ್ಲಿ ಅಷ್ಟು ಚುರುಕಾಗಿ ಓಡುವ ಹುಡುಗ ಪೂರ್ತಿ ವೇಸ್ಟ್ ಆಗುವುದು ಅಪರೂಪ.

ಒಂದೇ ಅಳುಕು, ಈ ರೂಪ ಹಳೇ ಮೈಸೂರಿನ ಮಾತಿನಲ್ಲಿ ಸವೆದುಹೋಗಿದೆ. ‘ಬೆಳೀಬಹುದು’ ಅಂತಲೇ ಎಲ್ಲರೂ ಅನ್ನುವುದು. ‘ಬಿದ್ದೀಯ, ಹುಷಾರು’ ಅನ್ನುವಂಥ ಕಡೆ ಮಾತ್ರ ಉಳಿದಿದೆ. ಧಾರವಾಡದ ಕಡೆ ‘ಬಂದಾನ’ ಅಂದರೆ ಬಂದೇ ಬಿಟ್ಟಿದ್ದಾನೆ ಅಂತ. ಒಂದು ಉಕಾರದಲ್ಲಿ ಸಂಶಯ ಹೋಗಿ ಸುದ್ದಿಯೇ ಆಗಿಬಿಡುತ್ತದೆ. ಹೈಸ್ಕೂಲ್ ಮಕ್ಕಳು ‘ಬೆಳೆದಾನು’ ಓದಿ ಅರ್ಥ ಮಾಡಿಕೊಳ್ಳುತ್ತಾರಾ? ಮೇಷ್ಟ್ರಾಗಿರುವವರು ಹೇಳಿ.

ಅಂದ ಹಾಗೆ ಜಗಳದ ಫಲಿತಾಂಶ: ಫಿಲಡೆಲ್ಫಿಯಾ ಎಡ್ಜ್‌ಕಮ್‌ನನ್ನು ತೆಗೆದುಕೊಂಡಿತು, ಬೇಯ್ಲಿ ಐದನೇ ಸರದಿಯಲ್ಲಿ ಯೂಟಾಗೆ ಹೋದ. ಎಡ್ಜ್‌ಕಮ್ ತನ್ನ ಮೊದಲ ಪಂದ್ಯದಲ್ಲೇ ಬಾಸ್ಟನ್ ವಿರುದ್ಧ 34 ಅಂಕ ಹೊಡೆದ. ಹಾಗಂತ ಜಗಳ ನಿಂತಿಲ್ಲ. ಇಂಥದ್ದಕ್ಕೆ ಹತ್ತು ವರ್ಷವಾದರೂ ಬೇಕು.

ನನ್ನಿಂದ ಆಗದೇ ಬಿಟ್ಟ ಒಂದು ಸಾಲನ್ನು ನಿಮಗೆ ಒಪ್ಪಿಸುತ್ತೇನೆ. 2013ರ ಒಂದು ವ್ಯವಹಾರದಲ್ಲಿ ಬಾಸ್ಟನ್‌ಗೆ ‘ಪಿಕ್ ಸ್ವಾಪ್’ ಹಕ್ಕು ಸಿಕ್ಕಿತ್ತು. ಅಂದರೆ 2017ರಲ್ಲಿ ತನ್ನ ಸರದಿಗಿಂತ ಬ್ರೂಕ್ಲಿನ್‌ನ ಸರದಿ ಮುಂದಿದ್ದರೆ ಬಾಸ್ಟನ್ ಅದನ್ನು ತಾನು ಇಟ್ಟುಕೊಂಡು ತನ್ನದನ್ನು ಬ್ರೂಕ್ಲಿನ್‌ಗೆ ಕೊಡಬಹುದು, ಬ್ರೂಕ್ಲಿನ್ ಇಲ್ಲ ಅನ್ನುವಂತಿಲ್ಲ. ಅದು ಮೊದಲ ಸರದಿಯೇ ಆಯಿತು. ಬಾಸ್ಟನ್ ಅದನ್ನೂ ಫಿಲಡೆಲ್ಫಿಯಾಕ್ಕೆ ಕೊಟ್ಟು ಮೂರನೆಯದನ್ನು ಪಡೆದು, ಮೇಲೊಂದು ಮುಂದಿನ ಸರದಿಯನ್ನೂ ಕಿತ್ತುಕೊಂಡಿತು. ಫಿಲಡೆಲ್ಫಿಯಾ ಫುಲ್ಟ್ಜ್‌ನನ್ನು ತಗೊಂಡಿತು, ಬಾಸ್ಟನ್‌ಗೆ ಟೇಟಮ್ ಸಿಕ್ಕ. ‘ಸರದಿ ಅದಲುಬದಲು’ ಅಂದರೆ ಇಬ್ಬರೂ ಒಪ್ಪಿ ಮಾಡಿಕೊಂಡ ಹಾಗೆ ಕೇಳುತ್ತದೆ. ಒಬ್ಬನ ಕೈಯಲ್ಲೇ ಹಕ್ಕಿದೆ ಅನ್ನುವುದು ಒಂದೆರಡು ಪದದಲ್ಲಿ ಬರುವ ಹಾಗೆ ಏನಂತೀರಿ?