ಫಿಯಟ್ 1100ಡಿ: ಹಿಂಜ್ ಪಿನ್ನು ಹೊಸಾವ ಹಾಕ್ಸಿದ್ರೂ ಮುಂದಿನ ಬಾಗಿಲು ಕೂಡವಲ್ದು

ಬಿಸಿಲೂರು_ಫಿಯಟ್ (ಕಲಬುರಗಿ)
ಎಲ್ಲಾರಿಗೂ ನಮಸ್ಕಾರ್ರಿ. ತಲಿ ಕೆಟ್ಟು ಹೋಗ್ಯದ, ಅದಕ್ಕ ಇಲ್ಲಿ ಕೇಳ್ಲಿಕತ್ತೀನಿ. ಗಾಡಿ 1966ರ ಫಿಯಟ್ 1100ಡಿ. ಡ್ರೈವರ್ ಬಾಜೂ ಮುಂದಿನ ಬಾಗಿಲು ಕೂಡವಲ್ದು. ಹಿಡಿಕಿ ಹಿಡದು ಮ್ಯಾಲ ಎತ್ತಿ ಬಡದ್ರ ಲಾಕ್ ಹತ್ತತದ, ಇಲ್ಲಂದ್ರ ಇಲ್ಲ. ಹತ್ತಿದ ಮ್ಯಾಲೂ ಹಂಪ್ ಬಂದ್ರ ಕಟಕಟ ಅಂತದ. ಮಿಸ್ತ್ರಿ ನೋಡಿ ಹಿಂಜ್ ಪಿನ್ನು ಸವದಾವ ಅಂದ, ಹೊಸಾವ ಹಾಕ್ಸಿದೆ. ಆಮ್ಯಾಲ ಲಾಕ್ ಪ್ಲೇಟ್ ಕೆಳಗ ಸರಿಸಿದ. ಸ್ವಲ್ಪ ದಿನ ಬರೋಬ್ಬರಿ ಇತ್ತು, ಈಗ ಮತ್ತ ಹಂಗೇ. ಸೇಡಂ ರೋಡ್ ಹಿಡದ್ರ ಮನಿಯಾಕಿ ಬಾಗಿಲು ಗಟ್ಟಿ ಹಿಡಕೊಂಡೇ ಕೂಡ್ತಾಳ. ಇಂಜಿನ್ನು, ಗೇರು, ಬ್ರೇಕು ಎಲ್ಲಾ ಚಲೋ ಅದ. ಯಾರಿಗರ ಹಿಂಗ ಆಗಿದ್ರ ಹೇಳ್ರಿ.

ಸ್ಪ್ಯಾನರ್_ಮೈಸೂರು
ಸರ್, ನಿಮ್ಮ ವರ್ಷದ ಗಾಡೀಲಿ ಮುಂದಿನ ಬಾಗಿಲೂ ಹಿಂದಿನ ಬಾಗಿಲೂ ನಡುಕಂಬಕ್ಕೇ ತೂಗಿರುತ್ತೆ. ಮುಂದಿನದು ಹಿಂದಕ್ಕೆ ತೆಗೆಯುತ್ತೆ. ಆ ಬಾಗಿಲಿನ ತೂಕಕ್ಕೆ ಪಿನ್ನಷ್ಟೇ ಅಲ್ಲ, ಪಿನ್ನು ಕೂರೋ ತೂತೂ ಅಂಡಾಕಾರ ಆಗಿರುತ್ತೆ. ಹಳೇ ತೂತಿಗೆ ಹೊಸ ಪಿನ್ನು ಹಾಕಿದ್ರೆ ತಿಂಗಳೂ ಬಾಳಲ್ಲ. ತೂತು ರೀಮ್ ಮಾಡಿಸಿ (ಕೊರೆದು ಮತ್ತೆ ದುಂಡಗೆ ಮಾಡಿಸಿ), ದಪ್ಪ ಪಿನ್ನು ಹಾಕ್ಸಿ.

ಭೀಮಾತೀರದ_ಗ್ಯಾರೇಜ್ (ಯಾದಗಿರಿ)
ಮೈಸೂರಿನವರು ಹೇಳಿದ್ದು ಖರೇ ಅದ. ಬಜಾರಿನ ಪಿನ್ನು ಮೆತ್ತಗ ಇರ್ತಾವ. ಲೇಥ್‌ದಾಗ ತಿರುಗಿಸಿ, ಗಟ್ಟಿ ಉಕ್ಕಿಂದು ಮಾಡಿಸ್ರಿ. ಒಳಗ ಹಿತ್ತಾಳಿ ಬುಷ್ (ಸಣ್ಣ ಕೊಳವಿ) ಕೂಡಿಸ್ರಿ. ನಮ್ಮಲ್ಲಿ ಪದ್ಮಿನಿಗಳಿಗೆ (ಇದೇ ಫಿಯಟ್ ಮುಂದ ಪ್ರೀಮಿಯರ್ ಪದ್ಮಿನಿ ಆತು) ಹಂಗೇ ಮಾಡ್ತಿದ್ವಿ.

ಸ್ಪ್ಯಾನರ್_ಮೈಸೂರು
ಬುಷ್ ಹಾಕೋಕೆ ಹಿಂಜ್‌ನಲ್ಲಿ ಅಷ್ಟು ಮಾಂಸ ಇಲ್ಲ ಸರ್. ದಪ್ಪ ಪಿನ್ನೇ ಸರಿ.

ಭೀಮಾತೀರದ_ಗ್ಯಾರೇಜ್ (ಯಾದಗಿರಿ)
ನಾವು ಹಾಕೀವ್ರಿ. ತೆಳ್ಳನ ಬುಷ್ ಹಾಕ್ಬೇಕು, ಕೈ ಬೇಕು ಅಷ್ಟೇ.

ಬಿಸಿಲೂರು_ಫಿಯಟ್ (ಕಲಬುರಗಿ)
ಅಣ್ಣಾರ, ತೂತು ರೀಮ್ ಮಾಡ್ಸೇ ಪಿನ್ನು ಹಾಕ್ಸೀನಿ. ಬಾಗಿಲು ತೆಗದು ಮೂತಿ (ಲಾಕಿನ ಕಡೆ ತುದಿ) ಹಿಡದು ಎತ್ತಿದ್ರ ಹಿಂಜ್‌ದಾಗ ಒಂದು ಕೂದಲೆಳಿಯಷ್ಟೂ ಆಟ ಇಲ್ಲ. ಟಪ್ಪಿಗೆ ಹೊಸಾ ಕ್ಯಾನ್ವಾಸ್ ಹೊಲಿಯಾಂವ ಮುಂದಿನ ವಾರ ಅಳತಿ ತೊಗೊಳ್ಳಿಕ್ಕ ಬರ್ತಾನ, ಅಷ್ಟ್ರಾಗ ಇದು ಸರಿ ಆಗ್ಬೇಕು.

ಹೆರಾಲ್ಡ್_ಬೀದರ್
ಯಾವ ಟಪ್ಪು? 1100ಡಿಗೆ ಕ್ಯಾನ್ವಾಸ್ ಎಲ್ಲಿಂದ ಬಂತ್ರಿ?

ಬಿಸಿಲೂರು_ಫಿಯಟ್ (ಕಲಬುರಗಿ)
ನನ್ನ ಓಪನ್ ಫಿಯಟ್ ಕಲಬುರಗಿಯಾಗ ಎಲ್ಲಾರಿಗೂ ಗೊತ್ತದ, ಅದಕ್ಕ ಬ್ಯಾರೆ ಹೇಳ್ಲಿಲ್ಲ. ಅಪ್ಪಾಜಿ ಮುಂಬೈದಿಂದ ತಂದದ್ದು. ಅದಕ್ಕೂ ಮೊದಲೇ ಅಲ್ಲಿ ಬಾಡಿ ಕಟ್ಟೋರು ತಗಡಿನ ಛಾವಣಿ ಕತ್ತರಿಸಿ, ನಾಕೂ ಬಾಗಿಲು ಹಂಗೇ ಉಳಿಸಿ, ಮಡಚೋ ಟಪ್ಪು ಕೂಡಿಸ್ಯಾರ. ಕೆಲಸ ನೋಡಿದ್ರ ಕಣ್ಣು ತುಂಬ್ತದ. ಟಪ್ಪಿನ ಕಮಾನು ತೇಗದ ಕಟ್ಟಿಗಿವು, ಮೂಲಿಗೆ ಹಿತ್ತಾಳಿ ಪಟ್ಟಿ, ಮುಂದಿನ ಗ್ಲಾಸ್ ಫ್ರೇಮಿನ ಮ್ಯಾಲ ಟಪ್ಪು ಸಿಗಿಸೋ ಕೊಂಡಿ ಕೈಯಿಂದ ಅರದು ಮಾಡ್ಯಾರ, ಎರಡೂ ಒಂದೇ ಥರಾ ಇಲ್ಲ. ಮುಂದಿನ ಸೀಟಿನ ಹಿಂದ ಅಡ್ಡ ಒಂದು ಪೆಟ್ಟಿಗಿ ತೊಲಿ ಕೂಡಿಸ್ಯಾರ. ಇಂಥಾದ್ದು ಇನ್ನೊಂದು ನಾನಂತೂ ನೋಡಿಲ್ಲ.

ತಗಡು_ಬೆಸುಗೆ (ಬೆಂಗಳೂರು)
ದಯವಿಟ್ಟು ಹಿಂಜ್ ಮುಟ್ಟಬೇಡಿ. ಛಾವಣಿ ಇಲ್ಲ ಅಂದಮೇಲೆ ಲೆಕ್ಕವೇ ಬೇರೆ.

ಫಿಯಟ್ 1100ಕ್ಕೆ ಪ್ರತ್ಯೇಕ ಚಾಸಿ (ಭಾರ ಹೊರೋ ಅಡಿಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ನೆಲ, ಸಿಲ್ (ಬಾಗಿಲ ಕೆಳಗೆ ಉದ್ದಕ್ಕೂ ಇರೋ ಟೊಳ್ಳು ತೊಲೆ), ಕಂಬ, ಛಾವಣಿ ಎಲ್ಲ ಸೇರಿ ಭಾರ ಹೊರುತ್ತವೆ. ಛಾವಣಿ ಹೋದ್ರೆ ಆ ಕೆಲಸ ಬಹುಪಾಲು ಬಾಗಿಲ ಕೆಳಗಿನ ಎರಡು ಸಿಲ್‌ಗಳ ತಲೆಗೆ ಬರುತ್ತೆ. ಸಿಲ್ ಸೋತ್ರೆ ಗಾಡಿ ನಡುವೆ ಜಗ್ಗುತ್ತೆ, ಮುಂದಿನ ಕಂಬದ ತಲೆಯೂ ನಡುಕಂಬದ ತಲೆಯೂ ಹತ್ತಿರ ಬರುತ್ತವೆ. ನಿಮ್ಮ ಬಾಗಿಲು ತೂಗಿರೋದು ನಡುಕಂಬಕ್ಕೆ. ಕಂಬ ಮುಂದಕ್ಕೆ ವಾಲಿದಾಗ ಬಾಗಿಲ ಮೂತಿ ಕೆಳಗಿಳಿಯುತ್ತೆ. ಹಿಂಜ್ ಸವೆದ ಹಾಗೇ ಕಾಣುತ್ತೆ, ಆದ್ರೆ ಹಿಂಜ್ ಅಲ್ಲ.

ಮೂರು ವಿಷಯ ತಿಳಿಸಿ. ಹಿಂದಿನ ಸೀಟಲ್ಲಿ ಜನ ಕೂತಾಗ ಬಾಗಿಲು ಇನ್ನೂ ಬಿಗಿಯುತ್ತಾ? ನೆಲದ ಕೆಲಸ ಯಾವಾಗಲಾದ್ರೂ ಆಗಿದೆಯಾ? ಸಿಲ್‌ನ ಅಡಿಯ ನೀರು ಹೋಗೋ ತೂತು ತೆರೆದಿದೆಯಾ? ಇನ್ನೊಂದು ಅಳತೆ: ಗಾಡಿ ನಾಲ್ಕು ಚಕ್ರದ ಮೇಲೆ ನಿಂತಾಗ ಬಾಗಿಲ ಮೂತಿಯ ಮೇಲ್ತುದೀಲಿ ಸಂದು ಎಷ್ಟು ಅಂತ ನೋಡಿ. ಆಮೇಲೆ ಸಿಲ್ ನಡುವೆ ಮರದ ಹಲಗೆ ಕೊಟ್ಟು, ತೊಟ್ಟೂ ಜೋರು ಮಾಡದೆ ಜ್ಯಾಕ್ ಏರಿಸಿ ಮತ್ತೆ ಅಳೆಯಿರಿ.

ಅಲ್ಲೀವರೆಗೆ ಹೈವೇಗೆ ತೆಗೀಬೇಡಿ. ಹಿಂದಕ್ಕೆ ತೆಗೆಯೋ ಬಾಗಿಲು ಓಡ್ತಾ ಬಿಚ್ಚಿದ್ರೆ ಎದುರುಗಾಳಿ ಅದನ್ನ ಪೂರ್ತಿ ಎಳೆದುಬಿಡುತ್ತೆ.

ಆರ್ಸಿಬುಕ್_ಹುಬ್ಬಳ್ಳಿ
ಅದಿರ್ಲಿ, ಇದು ರೋಡ್ ಮ್ಯಾಲ ಓಡಬಹುದೇನು? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದ್ರಿ. 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ತಯಾರಕರ ಮೂಲ ವಿನ್ಯಾಸ ಬದಲಾಯಿಸಬಾರದು ಅಂದದ.

ಹೆರಾಲ್ಡ್_ಬೀದರ್
ಅದು ಈಗಿನ ಕಾಯ್ದೆ. ಈ ಕೆಲಸ ಆಗಿದ್ದು 1939ರ ಕಾಯ್ದೆ ಇದ್ದಾಗ. ಆರ್‌ಸಿಯಾಗ ಬಾಡಿ ಏನಂತ ಬರದಾರ, ಅದು ನೋಡ್ಬೇಕು.

ಆರ್ಸಿಬುಕ್_ಹುಬ್ಬಳ್ಳಿ
ವಿಂಟೇಜ್ ನಂಬರಂತೂ ಸಿಗೂದಿಲ್ಲ. 2021ರ ನಿಯಮದಾಗ 50 ವರ್ಷ ದಾಟಿರಬೇಕು, ಜೊತಿಗೆ ಮೂಲ ರೂಪದಾಗ ಇರಬೇಕು ಅಂತದ. ಬಾಡಿ ಶೆಲ್ ಬದಲಾದದ್ದು ಬರೂದಿಲ್ಲ.

ಬಿಸಿಲೂರು_ಫಿಯಟ್ (ಕಲಬುರಗಿ)
ನನ್ನ ಆರ್‌ಸಿಯಾಗ ಓಪನ್ ಬಾಡಿ ಅಂತೇ ಅದ, ಹಳೇ ಸಿಕ್ಕಾ ಸೈತ ಅದ. ವಿಂಟೇಜ್ ನಂಬರ್ ನಾನು ಕೇಳಿಲ್ಲ. ಬಾಗಿಲಿನ ಮಾತು ಮುಗಸೋಣ್ರಿ.

ಭೀಮಾತೀರದ_ಗ್ಯಾರೇಜ್ (ಯಾದಗಿರಿ)
ಗುಜರಿಯಾಗ ಪದ್ಮಿನಿ ಛಾವಣಿ ಸಿಕ್ರ ತಂದು ವೆಲ್ಡ್ ಮಾಡಿಬಿಡ್ರಿ. ಬಾಗಿಲು ಕೂಡ್ತದ, ಬಿಸಲೂ ತಪ್ತದ. ಏಪ್ರಿಲ್‌ದಾಗ ಕಲಬುರಗಿಯಾಗ ಟಪ್ಪು ಯಾರು ತೆಗೀತಾರ?

ಹೆರಾಲ್ಡ್_ಬೀದರ್
ಕಾಕಾ, ಹಂಗನಬ್ಯಾಡ್ರಿ. ಸಾದಾ ಪದ್ಮಿನಿ ಇನ್ನೂ ಸಿಗ್ತಾವ. ಮುಂಬೈದಾಗ 2023ರ ಅಕ್ಟೋಬರ್‌ಕ್ಕ ಕಡೀ ಕಾಳಿ-ಪೀಳಿ ಪದ್ಮಿನಿ ಟ್ಯಾಕ್ಸಿ ರೋಡ್ ಬಿಟ್ಟದ, ಈಗ ಅವುಕೂ ಬೆಲಿ ಬಂದದ. ಕೈಯಿಂದ ಕಟ್ಟಿದ ಇಂಥಾ ಗಾಡಿ ಮತ್ತ ಯಾರು ಕಟ್ತಾರ? ಇಂಗ್ಲೆಂಡ್‌ದಾಗ ಕ್ರೇಫರ್ಡ್ ಅನ್ನೋರು ಸಣ್ಣ ಸಣ್ಣ ಗಾಡಿಗೆ ಹಿಂಗೇ ಛಾವಣಿ ಕತ್ತರಿಸಿ ಟಪ್ಪು ಕೂಡಿಸಿ ಕೊಡ್ತಿದ್ರು. 1966ರಾಗ ಸಾಸ್ ಮಾಡೋ ಹೈಂಜ್ ಕಂಪನಿ ಬಹುಮಾನಕ್ಕಂತ 57 ವೂಲ್ಸ್ಲೀ ಹಾರ್ನೆಟ್ ಕಾರು ಅವರ ಕಡೆ ಮಾಡ್ಸಿತ್ತು. ಅವನ್ನ ಅಲ್ಲಿ ಜನ ಇವತ್ತಿಗೂ ಜೋಪಾನ ಮಾಡ್ತಾರ.

ನನ್ನ ಹೆರಾಲ್ಡ್ ಕಾರಿಗೆ ಈ ತ್ರಾಸೇ ಇಲ್ಲ. ಅದಕ್ಕ ಬ್ಯಾರೆ ಚಾಸಿ ಅದ, ಛಾವಣಿ ಬೋಲ್ಟಿನ ಮ್ಯಾಲ ಕೂತಿರ್ತದ. ಬಾನೆಟ್ ಪೂರ್ತಿ ಮುಂದಕ್ಕ ಮಗಚಿದ್ರ ಟೈರಿನ ಮ್ಯಾಲ ಕೂತು ಕೆಲಸ ಮಾಡಬಹುದು. ಬೀದರ್ ಕೋಟಿ ಒಳಗಿನ ಸಣ್ಣ ಹಾದಿಯಾಗ ತಿರುಗಿಸ್ಲಿಕ್ಕ ಅದರಂಥಾ ಗಾಡಿ ಇಲ್ಲ.

ತಗಡು_ಬೆಸುಗೆ (ಬೆಂಗಳೂರು)
ಹೆರಾಲ್ಡ್ ಚಂದ ಗಾಡಿ, ಆದ್ರೆ ಹೋಲಿಕೆ ಇಲ್ಲಿಗೆ ಹೊಂದಲ್ಲ. ಹೊಂದೋದು ಫೋಕ್ಸ್‌ವ್ಯಾಗನ್ ಬೀಟಲ್. 1949ರಿಂದ ಕಾರ್ಮನ್ ಕಂಪನಿಯವರು ಬೀಟಲ್ ಕನ್ವರ್ಟಿಬಲ್ (ಮಡಚೋ ಟಪ್ಪಿನ ಗಾಡಿ) ಕಟ್ಟಿದಾಗ ಸಿಲ್‌ಗೆ ದಪ್ಪ ತಗಡು ಸೇರಿಸಿದ್ರು, ಛಾವಣಿ ಇರೋ ಗಾಡಿಗಿಂತ ಇಲ್ಲದ ಗಾಡಿಯೇ ಜಾಸ್ತಿ ತೂಕ ಆಯ್ತು. ಕಟ್ಟೋರ ಜಾಣತನ ತಿಳಿಯೋದು ಕಣ್ಣಿಗೆ ಕಾಣದ ಆ ಜಾಗದಲ್ಲೇ.

ಬಿಸಿಲೂರು_ಫಿಯಟ್ (ಕಲಬುರಗಿ)
ಅಳತಿ ಮಾಡೀನ್ರಿ. ನೆಲದ ಮ್ಯಾಲ ನಿಂತಾಗ ಮ್ಯಾಲಿನ ಸಂದು 2 ಮಿ.ಮೀ., ಕೆಳಗಿಂದು 8. ಸಿಲ್ ನಡುವ ಜ್ಯಾಕ್ ಏರಿಸಿದ್ರ ಎರಡೂ ಕಡೆ 5 ಆಯ್ತು, ಬಾಗಿಲು ಬೆರಳಿಂದ ತಳ್ಳಿದ್ರ ಕೂಡ್ತು! ಇಳಿಸಿದ್ರ ಮತ್ತ ಮೊದಲಿನಂಗ. ಹಿಂದ ಮೂರು ಮಂದಿ ಕೂತ್ರ ಬಾಗಿಲು ತೆರೆಯಲಿಕ್ಕೇ ಬರಂಗಿಲ್ಲ, ಅದು ಮೊದಲಿಂದ ಹಂಗೇ ಅದ.

ಹ್ವಾದ ಬ್ಯಾಸಗಿಯಾಗ ನೆಲದ ತಗಡು ಹೊಸಾದು ಹಾಕ್ಸೀನಿ. ಆ ಗ್ಯಾರೇಜಿನವರು ಮುಂದಿನ ಚಕ್ರ, ಹಿಂದಿನ ಚಕ್ರದ ಕೆಳಗ ಕಲ್ಲು ಕೊಟ್ಟು, ನಡುವ ಯಾವ ಆಸರಾ ಇಲ್ಲದೇ ಹಳೇ ತಗಡು ಕತ್ತರಿಸಿದ್ರು. ಇವತ್ತು ಸಿಲ್ ಕೆಳಗಿನ ತೂತಿನಾಗ ಸ್ಕ್ರೂಡ್ರೈವರ್ ಹಾಕಿ ಕೆದರಿದೆ. ಮೊದಲು ಎರಿ ಮಣ್ಣು ಹೆಂಟಿ ಹೆಂಟಿ ಉದುರ್ತು, ಅದರ ಹಿಂದ ಜಂಗಿನ ಹಳಕು, ಆಮ್ಯಾಲ ಸ್ಕ್ರೂಡ್ರೈವರ್ ಹಿಡಿಕೀ ತನಕಾ ಒಳಗ ಹೋತು. ಒಳಗಿನ ತಗಡೇ ಇಲ್ಲ.

ತಗಡು_ಬೆಸುಗೆ (ಬೆಂಗಳೂರು)
ಅಲ್ಲೇ ಇದೆ ರೋಗ. ಹಳೇ ಟಪ್ಪು ಸೋರಿ ನೀರು ಸಿಲ್‌ಗೆ ಇಳಿದಿದೆ, ಮಣ್ಣು ತೂತು ಮುಚ್ಚಿದೆ, ಒಳಗಿನ ಬಲಪಟ್ಟಿ (ಸಿಲ್‌ಗೆ ಬಲ ಕೊಡೋ ತಗಡು) ಕೊಳೆತಿದೆ. ಗಾಡಿ ಜಗ್ಗಿದ್ದಾಗಲೇ ನೆಲ ಬೆಸೆದಿರೋದ್ರಿಂದ ಆ ಬಾಗು ಹಂಗೇ ಕೂತುಬಿಟ್ಟಿದೆ.

ಮಾಡೋ ಕ್ರಮ ಹೀಗೆ. ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಗಾಡೀನ ಸ್ಟ್ಯಾಂಡ್ ಮೇಲೆ ಕೂರಿಸಿ, ಸಿಲ್ ನಡುವೆ ಎತ್ತಿ 5 ಮಿ.ಮೀ. ಸಂದು ತನ್ನಿ. ಹೊಸ ನೆಲ ಎಲ್ಲಿ ಅಡ್ಡಿ ಮಾಡುತ್ತೋ ಅಲ್ಲಿ ಬೆಸುಗೆ ಬಿಡಿಸಬೇಕಾಗುತ್ತೆ. ಬಾಗಿಲು ಕಳಚಿಟ್ಟು, ಮುಂದಿನ ಕಂಬದಿಂದ ನಡುಕಂಬಕ್ಕೆ ಆಂಗಲ್ ಪಟ್ಟಿ ತಾತ್ಕಾಲಿಕವಾಗಿ ಬೆಸೆಯಿರಿ, ಎಡಬಲ ಕಂಬಗಳ ನಡುವೆಯೂ ಒಂದು ಇರಲಿ. ಒಂದು ಕಡೆಯ ಸಿಲ್ ಪೂರ್ತಿ ಮುಗಿಯೋವರೆಗೆ ಇನ್ನೊಂದು ಕಡೆ ಮುಟ್ಟಬೇಡಿ. ಒಳಗಿನ ಬಲಪಟ್ಟಿಗೆ 2 ಮಿ.ಮೀ. ತಗಡು, ಮುಂದಿನ ಕಂಬದ ಬುಡದಿಂದ ಹಿಂದಿನ ಚಕ್ರದ ಕಮಾನಿನವರೆಗೆ ಒಂದೇ ತುಂಡು. ತೂತು ಬಿಡಿ, ಒಳಗೆ ವ್ಯಾಕ್ಸ್ ಹೊಡೀರಿ. ಸೀಟಿನ ಹಿಂದಿನ ಆ ಅಡ್ಡ ತೊಲೆಯ ತುದಿಗಳು ಸಿಲ್‌ಗೆ ಗಟ್ಟಿಯಾಗಿ ಕೂಡಿವೆಯಾ ನೋಡಿ, ಅದು ಬಹಳ ಮುಖ್ಯ.

ಕ್ಯಾನ್ವಾಸ್ ಅಳತೆ ಈಗಲೇ ಕೊಡಬೇಡಿ. ಬಾಡಿ ನೇರ ಆದಮೇಲೆ ಗ್ಲಾಸ್ ಫ್ರೇಮ್ ಸರಿಯುತ್ತೆ, ಈಗ ಹೊಲಿದ ಟಪ್ಪು ಆಗ ಸಾಲೋದಿಲ್ಲ.

ಸ್ಪ್ಯಾನರ್_ಮೈಸೂರು
ಇದೆಲ್ಲ ಸರಿ, ಆದ್ರೂ ಹಿಂಜ್ ತೂತು ಒಮ್ಮೆ ಗೇಜಲ್ಲಿ ನೋಡಿಸಿ.

ಬಿಸಿಲೂರು_ಫಿಯಟ್ (ಕಲಬುರಗಿ)
ಬೆಂಗಳೂರಿನ ಅಣ್ಣಾರ, ಭಾಳ ಉಪಕಾರ ಆಯ್ತ್ರಿ. ಹೊಲಿಯಾಂವಗ ಫೋನ್ ಮಾಡಿ ಬರಬ್ಯಾಡ ಅಂದೀನಿ. ಅಡ್ಡ ತೊಲಿಯ ಬಲಗಡೆ ತುದಿ ಸಿಲ್ ಬಿಟ್ಟು ನಿಂತದ, ಬೆರಳು ಹೋಗ್ತದ. ತೊಲಿ ಮಾತ್ರ ಇನ್ನೂ ಗಟ್ಟಿ ಅದ, ಅದನ್ನೇ ಉಳಿಸ್ಬೇಕು ನನಗ. ಆಸರಾ ಕೊಟ್ಟು ಸಾವಕಾಶ ಕೆಲಸ ಮಾಡೋ ವೆಲ್ಡರ್ ಕಲಬುರಗಿ ಇಲ್ಲಾ ಹುಮನಾಬಾದ್ ಕಡೆ ಯಾರಿಗರ ಗೊತ್ತಿದ್ರ ಹೇಳ್ರಿ.

ಭೀಮಾತೀರದ_ಗ್ಯಾರೇಜ್ (ಯಾದಗಿರಿ)
ನಮ್ಮ ಹುಡುಗ ಟ್ರ್ಯಾಕ್ಟರ್ ಟ್ರಾಲಿ ಕಟ್ತಾನ, ತೆಳ್ಳನ ತಗಡಿಗೂ ಕೈ ಚಲೋ ಅದ. ಗಾಡಿ ಓಡಿಸ್ಕೊಂಡು ಬರಬ್ಯಾಡ್ರಿ, ಲಾರಿ ಮ್ಯಾಲ ಹಾಕ್ಕೊಂಡು ಬರ್ರಿ. ಛಾವಣಿ ವೆಲ್ಡ್ ಮಾಡಂಗಿಲ್ಲ, ಮಾತು ಕೊಡ್ತೀನಿ.

ಹೆರಾಲ್ಡ್_ಬೀದರ್
ತೊಲಿಯ ಫೋಟೊ ಹಾಕ್ರಿ ಮೊದಲು. ಮತ್ತ, ಯಾರ ಕಡೆಗರ ಹೆರಾಲ್ಡಿನ ಮುಂದಿನ ಬಾನೆಟ್ ಕೊಂಡಿ ಅವೇನು? ನನ್ನದು ಎಡಗಡೆದು ಮುರದದ.